ಮಿತಾಕ್ಷರೆಯ ಮಡಿವಾಳನೂ ಅಯ್ಯಾವೊಳೆಯ ಸೆಟ್ಟಿಯೂ

ವಿಜ್ಞಾನೇಶ್ವರನ ಹೆಸರು ನಮ್ಮ ಜನಕ್ಕೆ ನೆನಪಾಗುವುದು ಮನೆ ಪಾಲಾಗುವಾಗ. ಅಣ್ಣತಮ್ಮಂದಿರು ಹೊಲಮನೆ ಹಂಚಿಕೊಳ್ಳಲು ವಕೀಲರ ಬಳಿಗೆ ಹೋದರೆ, ‘ನೀವು ಮಿತಾಕ್ಷರ ಪಂಥಕ್ಕೆ ಸೇರಿದವರು’ ಎಂಬ ಮಾತು ಕಿವಿಗೆ ಬೀಳದೆ ಇರದು. ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿಗೆ ಈ ಗ್ರಂಥವೇ ಬಹುಕಾಲ ಪ್ರಮಾಣವಾಗಿತ್ತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದು ಅನೇಕ ಸಂಗತಿಗಳು ಮಾರ್ಪಟ್ಟ ಮೇಲೂ ಆ ಹೆಸರು ಕೋರ್ಟುಕಚೇರಿಗಳಲ್ಲಿ ಉಳಿದೇ ಇದೆ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವಾದ ಅಂದಿನ ಕಲ್ಯಾಣದಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೊಂದು ಇಷ್ಟು ದೂರ, ಇಷ್ಟು ಕಾಲ ನಡೆದುಬಂದದ್ದು ಕನ್ನಡ ನೆಲಕ್ಕೆ ಹೆಮ್ಮೆಯ ವಿಷಯವೇ ಸರಿ.

ಆದರೆ ಈ ಹೆಮ್ಮೆಯಲ್ಲಿ ಒಂದು ಊನವುಂಟು. ನಾವು ಮಿತಾಕ್ಷರೆಯ ಒಂದು ಕೋಣೆಯನ್ನು ಮಾತ್ರ ಹೊಕ್ಕು, ಮನೆಯನ್ನೆಲ್ಲ ಕಂಡೆವೆಂದು ತಿಳಿದಿದ್ದೇವೆ. ೧೮೧೦ರಲ್ಲಿ ಕೋಲ್‌ಬ್ರೂಕ್ ಎಂಬ ಆಂಗ್ಲ ವಿದ್ವಾಂಸನು ಅದರ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ಇಳಿಸಿದ. ಕಂಪನಿ ಸರ್ಕಾರದ ನ್ಯಾಯಾಧೀಶರಿಗೆ ಬೇಕಾಗಿದ್ದುದು ಅಷ್ಟೇ. ಅವರು ಓದಿದ್ದನ್ನೇ ಅನಂತರ ನಮ್ಮವರೂ ಓದಿದರು. ಅದೇ ಗ್ರಂಥದ ವ್ಯವಹಾರಾಧ್ಯಾಯದಲ್ಲಿ ಅಂಗಡಿಯವನೂ ಇದ್ದಾನೆ, ಸರಕು ಕೊಂಡು ಮನೆಗೆ ಹೋಗಿ ಕೈ ಕೈ ಹಿಸುಕಿಕೊಳ್ಳುವ ಗಿರಾಕಿಯೂ ಇದ್ದಾನೆ. ಅಕ್ಕಸಾಲಿ, ಕಮ್ಮಾರ, ನೇಕಾರ, ಮಡಿವಾಳ ಎಲ್ಲರೂ ಇದ್ದಾರೆ. ಇವರ ಜಗಳ ಅರಸನ ಸಭೆಯವರೆಗೆ ಹೋಗದೆ ಹೇಗೆ ತೀರಬೇಕೆಂಬ ವಿಚಾರ ಅಲ್ಲಿ ಬಹಳ ಬಿಡಿಬಿಡಿಯಾಗಿ ನಡೆದಿದೆ. ನಾನು ಕಾನೂನು ಬಲ್ಲವನಲ್ಲ, ಕನ್ನಡ ಪಾಠ ಹೇಳುವವನು. ಶಾಸನಗಳನ್ನು ಓದಿಸುವಾಗ ‘ನಖರ’, ‘ಸೇಣಿ’ ಎಂಬ ಶಬ್ದಗಳ ಅರ್ಥವನ್ನು ಹುಡುಕುತ್ತ ಹೋಗಿ ಈ ಅಧ್ಯಾಯದ ಬಾಗಿಲಿಗೆ ಬಂದು ನಿಂತೆ. ಅಲ್ಲಿ ಕಂಡದ್ದರಲ್ಲಿ ಕೆಲವನ್ನು ವಾಚಕರ ಮುಂದಿಡುತ್ತೇನೆ.

ಸಣ್ಣ ವ್ಯಾಪಾರಿಗೂ ಗಿರಾಕಿಗೂ ಹುಟ್ಟುವ ವ್ಯಾಜ್ಯಕ್ಕೆ ತನ್ನದೇ ಆದ ಒಂದು ಸಂಕಟವಿದೆ. ಅಲ್ಲಿ ಹೋದ ಹಣ ಸಣ್ಣದು, ಹುಟ್ಟಿದ ಸಿಟ್ಟು ದೊಡ್ಡದು. ಸೀರೆಯ ಬಣ್ಣ ಬಿಟ್ಟಿತು, ಹಸು ಹಾಲು ಕೊಡಲಿಲ್ಲ, ಬಿತ್ತಿದ ಬೀಜ ಮೊಳೆಯಲಿಲ್ಲ ಎಂದು ಕೋರ್ಟಿಗೆ ಹೋದರೆ ಗೆದ್ದವನಿಗೂ ನಷ್ಟ. ಹೋಗದಿದ್ದರೆ ಅನ್ಯಾಯವನ್ನು ನುಂಗಿಕೊಂಡು ಕೂರಬೇಕು. ಗಿರಾಕಿ ಆ ಅಂಗಡಿಯ ಮೆಟ್ಟಿಲು ಮತ್ತೆ ತುಳಿಯುವುದಿಲ್ಲ, ಅಂಗಡಿಯವನು ಹತ್ತು ಮನೆಯ ವ್ಯಾಪಾರ ಕಳೆದುಕೊಳ್ಳುತ್ತಾನೆ. ಈ ಇಕ್ಕಟ್ಟನ್ನು ನಮ್ಮ ಹಿಂದಿನವರು ಬಲ್ಲವರಾಗಿದ್ದರು.

ಧರ್ಮಶಾಸ್ತ್ರಕಾರರು ವ್ಯಾಜ್ಯಗಳನ್ನು ಹದಿನೆಂಟು ಬಗೆಯಾಗಿ ವಿಂಗಡಿಸಿದ್ದುಂಟು. ಅವುಗಳಲ್ಲಿ ಒಂದರ ಹೆಸರು ಕ್ರೀತಾನುಶಯ. ಅನುಶಯವೆಂದರೆ ಪಶ್ಚಾತ್ತಾಪ, ಕೊಂಡ ಮೇಲೆ ಬರುವ ಪಶ್ಚಾತ್ತಾಪವೇ ಕ್ರೀತಾನುಶಯ. ಮನುಷ್ಯನ ಈ ದೌರ್ಬಲ್ಯವನ್ನು ಕಾನೂನಿನ ಒಂದು ಅಧ್ಯಾಯಕ್ಕೆ ಹೆಸರಾಗಿ ಇಟ್ಟವರ ಲೋಕಾನುಭವಕ್ಕೆ ಮೆಚ್ಚಬೇಕು. ಮನು ಇದಕ್ಕೆ ಒಟ್ಟಾಗಿ ಹತ್ತು ದಿನದ ಗಡುವು ಕೊಟ್ಟ: ಅಷ್ಟರೊಳಗೆ ಕೊಂಡವನು ಹಿಂದಕ್ಕೆ ಕೊಡಬಹುದು, ಮಾರಿದವನು ಹಿಂದಕ್ಕೆ ಪಡೆಯಬಹುದು. ಯಾಜ್ಞವಲ್ಕ್ಯನಿಗೆ ಇದು ಸಾಲದಾಯಿತು. ಅವನು ಸರಕಿಗೊಂದು ಗಡುವನ್ನು ಹೇಳುತ್ತಾನೆ. ಬೀಜವನ್ನು ಪರೀಕ್ಷಿಸಲು ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ಹೇರು ಹೊರುವ ಪಶುವಿಗೆ ಐದು ದಿನ, ರತ್ನಕ್ಕೆ ಏಳು ದಿನ, ಕರೆಯುವ ಪಶುವಿಗೆ ಮೂರು ದಿನ.

ಈ ಅಂಕಿಗಳನ್ನು ಒಮ್ಮೆ ನಿಧಾನವಾಗಿ ಓದಬೇಕು. ಬೀಜಕ್ಕೆ ಹತ್ತು ದಿನ ಏಕೆಂದರೆ ಮೊಳಕೆ ಬಂದೀತೋ ಇಲ್ಲವೋ ತಿಳಿಯಲು ಅಷ್ಟಾದರೂ ಬೇಕು. ಹಸುವಿಗೆ ಮೂರು ದಿನ ಸಾಕು. ಮಾರುವ ದಿನ ಕೆಚ್ಚಲು ತುಂಬಿಸಿಕೊಂಡು ಬಂದು ಮೋಸ ಮಾಡಿದ್ದರೆ ಮೂರು ಹೊತ್ತು ಕರೆಯುವುದರೊಳಗೆ ಬಣ್ಣ ಬಯಲಾಗುತ್ತದೆ. ಎತ್ತನ್ನು ನೊಗಕ್ಕೆ ಹೂಡಿ ನಾಲ್ಕಾರು ದಿನ ದುಡಿಸಬೇಕು. ರತ್ನವನ್ನು ಬಲ್ಲವರಿಗೆ ತೋರಿಸಿಬರಲು ವಾರ ಹಿಡಿದೀತು. ಕಬ್ಬಿಣವನ್ನಾದರೋ ಸುತ್ತಿಗೆಯಿಂದ ಬಡಿದರೆ ಅಂದೇ ಅದರ ಗುಣ ತಿಳಿಯುತ್ತದೆ. ಕಾರಣಗಳನ್ನು ಹೀಗೆ ಬಿಡಿಸಿದ್ದು ನನ್ನ ಊಹೆ. ಸ್ಮೃತಿಕಾರನು ಬರಿಯ ಸಂಖ್ಯೆಗಳನ್ನು ಕೊಟ್ಟು ಮುಂದೆ ಹೋಗಿದ್ದಾನೆ. ಆದರೂ ಇದು ಸಂತೆಯನ್ನು ಕಂಡವನ ಲೆಕ್ಕವೇ ಹೊರತು ಪರ್ಣಕುಟಿಯಲ್ಲಿ ಹುಟ್ಟಿದ ಲೆಕ್ಕವಲ್ಲ. ಇದೇ ಪಟ್ಟಿಯಲ್ಲಿ ದಾಸಿಗೆ ಒಂದು ತಿಂಗಳು, ದಾಸನಿಗೆ ಅರ್ಧ ತಿಂಗಳು ಎಂದೂ ಇದೆ. ಹೆಂಗಸನ್ನೂ ಗಂಡಸನ್ನೂ ಎತ್ತಿನ ಪಕ್ಕದಲ್ಲಿ ನಿಲ್ಲಿಸಿ ಪರೀಕ್ಷಿಸಿದ ಕಾಲ ಅದು. ಆ ಸಾಲನ್ನು ಮರೆಮಾಡಿ ಉಳಿದದ್ದನ್ನಷ್ಟೇ ಹೊಗಳುವ ಲೇಖನಗಳು ನನಗೆ ಸೇರುವುದಿಲ್ಲ.

ಇತರ ಸರಕಿನ ವಿಷಯದಲ್ಲಿ ನಾರದ ಸ್ಮೃತಿಯ ಮಾತು ನಡೆಯುತ್ತದೆ. ಕೊಂಡ ದಿನವೇ ಕೆಡಿಸದೆ ತಂದುಕೊಟ್ಟರೆ ಪೂರ್ತಿ ಹಣ ವಾಪಸು. ಎರಡನೆಯ ದಿನ ಬಂದರೆ ಬೆಲೆಯಲ್ಲಿ ಮೂವತ್ತರಲ್ಲೊಂದು ಭಾಗ ಬಿಡಬೇಕು, ಮೂರನೆಯ ದಿನ ಅದರ ಎರಡರಷ್ಟು. ಆಮೇಲೆ ಸರಕು ಕೊಂಡವನದೇ. ಮೊದಲೇ ಚೆನ್ನಾಗಿ ಪರೀಕ್ಷಿಸಿ ಒಪ್ಪಿ ಕೊಂಡದ್ದಾದರೆ ಹಿಂದಿರುಗಿಸುವ ಮಾತಿಲ್ಲ. ಉಟ್ಟು ಮಾಸಿದ ಹಳೆಯ ಬಟ್ಟೆಯನ್ನು ಕೊಂಡವನು ಅದರಲ್ಲಿ ದೋಷವಿದೆಯೆಂದು ಕೂಗಾಡುವಂತಿಲ್ಲ. ಹಳೆಯದೆಂದು ಕಂಡೇ ಕೊಂಡಿದ್ದಾನಲ್ಲ! ಮಾರುವವನ ಮೇಲೂ ಕಟ್ಟುಗಳುಂಟು. ಹಣ ಪಡೆದು ಸರಕು ಕೊಡದೆ ಸತಾಯಿಸಿದರೆ ಲಾಭಸಹಿತವಾಗಿ ಕೊಡಬೇಕು. ಕೊಳ್ಳುವವನು ಪರದೇಶದಿಂದ ಬಂದವನಾದರೆ, ಆ ಸರಕನ್ನು ತನ್ನ ದೇಶಕ್ಕೆ ಒಯ್ದು ಮಾರಿ ಅವನು ಪಡೆಯಬಹುದಾಗಿದ್ದ ಲಾಭವನ್ನೂ ಕಟ್ಟಿಕೊಡಬೇಕು. ಒಬ್ಬನಿಗೆ ಮಾರಿದ್ದನ್ನು ಇನ್ನೊಬ್ಬನಿಗೆ ಮಾರಿದರೆ, ಅಥವಾ ಕೆಟ್ಟ ಸರಕನ್ನು ಒಳ್ಳೆಯದೆಂದು ಮಾರಿದರೆ, ಬೆಲೆಯ ಎರಡರಷ್ಟು ದಂಡ. ಅಳತೆ ತೂಕಗಳಲ್ಲಿ ಎಂಟರಲ್ಲೊಂದು ಪಾಲು ಕದ್ದವನಿಗೆ ಇನ್ನೂರು ಪಣ.

ಇನ್ನು ಕುಶಲಕರ್ಮಿಗಳ ಮಾತು. ಗಿರಾಕಿ ತನ್ನ ಲೋಹವನ್ನು ಕೊಟ್ಟು ಪಾತ್ರೆಯನ್ನೋ ಒಡವೆಯನ್ನೋ ಮಾಡಿಸುತ್ತಾನೆ, ತನ್ನ ನೂಲನ್ನು ಕೊಟ್ಟು ಬಟ್ಟೆ ನೇಯಿಸುತ್ತಾನೆ. ತೂಕ ಕಡಮೆಯಾಯಿತೆಂಬ ಜಗಳ ಇಲ್ಲಿ ಹುಟ್ಟದೆ ಇನ್ನೆಲ್ಲಿ ಹುಟ್ಟಬೇಕು? ಬೆಂಕಿಯಲ್ಲಿ ಚಿನ್ನಕ್ಕೆ ಸವಕಳಿಯಿಲ್ಲ. ಬೆಳ್ಳಿಗೆ ನೂರು ಪಲಕ್ಕೆ ಎರಡು ಪಲ, ತಾಮ್ರಕ್ಕೆ ಐದು, ತವರ ಸೀಸಗಳಿಗೆ ಎಂಟು, ಕಬ್ಬಿಣಕ್ಕೆ ಹತ್ತು ಎಂದು ಯಾಜ್ಞವಲ್ಕ್ಯ ಗೊತ್ತುಮಾಡಿದ್ದಾನೆ. ನೇಯ್ಗೆಯಲ್ಲಿ ತೂಕ ಕಳೆಯುವುದಿಲ್ಲ, ಏರುತ್ತದೆ. ಉಣ್ಣೆಯ ಮತ್ತು ಹತ್ತಿಯ ದಪ್ಪ ನೂಲಿಗೆ ನೂರು ಪಲಕ್ಕೆ ಹತ್ತು ಪಲ, ನಡುತರಕ್ಕೆ ಐದು, ನಯವಾದದ್ದಕ್ಕೆ ಮೂರು ಪಲ ಹೆಚ್ಚಿಗೆ ಬರಬೇಕು. ರೇಷ್ಮೆಗೆ ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ. ನೇಕಾರರ ಮನೆಯಲ್ಲಿ ಗಂಜಿ ಹಾಕುವುದನ್ನು ಕಂಡವರಿಗೆ ಈ ಏರಿಕೆ ಎಲ್ಲಿಂದ ಬಂತೆಂದು ಹೇಳಿಕೊಡಬೇಕಾಗಿಲ್ಲ. ಈಗಿನ ಒಡವೆ ಅಂಗಡಿಗಳ ರಸೀದಿಯಲ್ಲಿ ‘ವೇಸ್ಟೇಜ್’ ಎಂಬ ಕಲಮನ್ನು ಕಂಡಾಗಲೆಲ್ಲ ಚಿನ್ನಕ್ಕೆ ಕ್ಷಯವಿಲ್ಲವೆಂಬ ಆ ಮಾತು ನನಗೆ ನೆನಪಾಗುತ್ತದೆ. ಕರಗಿಸುವುದು ಬೇರೆ, ಅರ ಹಾಕಿ ಉಜ್ಜುವುದು ಬೇರೆ ಎಂದು ಅಕ್ಕಸಾಲಿಗಳು ವಾದಿಸಬಹುದು. ವಾದದಲ್ಲಿ ಹುರುಳಿಲ್ಲದೆಯೂ ಇಲ್ಲ.

ಮಡಿವಾಳನ ಪ್ರಸಂಗ ಇದಕ್ಕಿಂತ ಸ್ವಾರಸ್ಯವಾದುದು. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯೊಂದರ ಮುಂದೆ ನಡೆದ ಮಾತುಕತೆಯೊಂದನ್ನು ನಾನು ಕೇಳಿದ್ದುಂಟು. ಸುಟ್ಟುಹೋದ ಅಂಗಿಯನ್ನು ಹಿಡಿದುಕೊಂಡು ಗಿರಾಕಿ ಹೊಸ ಅಂಗಿಯ ಬೆಲೆ ಕೇಳುತ್ತಿದ್ದಾನೆ. ಇದು ಎಷ್ಟು ವರ್ಷದ ಅಂಗಿಯೋ ಯಾರು ಬಲ್ಲರೆಂದು ಅಂಗಡಿಯವನು ಒಗೆಯುವ ಕೂಲಿಯನ್ನಷ್ಟೇ ಬಿಡುತ್ತೇನೆನ್ನುತ್ತಿದ್ದಾನೆ. ಇಬ್ಬರ ಮಾತಿನಲ್ಲೂ ಅರ್ಧ ನ್ಯಾಯವಿದೆ, ಆದರೆ ಅರ್ಧ ಎಲ್ಲಿಗೆ ಮುಗಿಯುತ್ತದೆಂಬುದು ಇಬ್ಬರಿಗೂ ತಿಳಿಯದು. ನಾರದ ಇದಕ್ಕೆ ಲೆಕ್ಕ ಹಾಕಿಟ್ಟಿದ್ದಾನೆ. ಒಮ್ಮೆ ಒಗೆದ ಬಟ್ಟೆ ತನ್ನ ಬೆಲೆಯ ಎಂಟನೆಯ ಒಂದು ಪಾಲನ್ನು ಕಳೆದುಕೊಂಡಿರುತ್ತದೆ. ಎರಡು ಸಲ ಒಗೆದದ್ದು ಕಾಲು ಭಾಗವನ್ನು, ಮೂರು ಸಲ ಒಗೆದದ್ದು ಮೂರರಲ್ಲೊಂದನ್ನು, ನಾಲ್ಕು ಸಲ ಒಗೆದದ್ದು ಅರ್ಧವನ್ನು. ಎಂಟು ಪಣದ ಬಟ್ಟೆ ಎನ್ನೋಣ. ಒಂದೇ ಒಗೆತ ಕಂಡದ್ದು ಹಾಳಾದರೆ ಏಳು ಪಣ, ನಾಲ್ಕು ಒಗೆತ ಕಂಡದ್ದಾದರೆ ನಾಲ್ಕೇ ಪಣ. ಅಲ್ಲಿಂದಾಚೆಗೆ ಅಂಚಿನ ಎಳೆ ಹರಿಯುವತನಕ ಕ್ರಮಕ್ರಮವಾಗಿ ಇಳಿಕೆ. ಪೂರಾ ಜೀರ್ಣವಾದ ಬಟ್ಟೆಗೆ ಮಾತ್ರ ನಿಯಮವಿಲ್ಲವೆಂದು ಬಿಟ್ಟಿದ್ದಾನೆ. ಗಿರಾಕಿಯ ಬಟ್ಟೆಯನ್ನು ತಾನು ಉಟ್ಟು ಮೆರೆದ ಮಡಿವಾಳನಿಗೆ ಮೂರು ಪಣ, ಅದನ್ನು ಮಾರಿದವನಿಗೆ ಅಥವಾ ಬಾಡಿಗೆಗೆ ಕೊಟ್ಟವನಿಗೆ ಹತ್ತು ಪಣ ದಂಡವೆಂದು ಯಾಜ್ಞವಲ್ಕ್ಯ ಹೇಳುವಾಗ, ಮದುವೆಮನೆಗೆ ಬಾಡಿಗೆಯ ಮಡಿ ಉಟ್ಟುಕೊಂಡು ಹೋದ ಯಾರೋ ಕಣ್ಣಿಗೆ ಕಟ್ಟುತ್ತಾರೆ.

ಇಷ್ಟು ಅಂಕಿಗಳನ್ನು ಹೇಳಿ ವಾಚಕರನ್ನು ದಣಿಸಿದ್ದಕ್ಕೆ ಕಾರಣವುಂಟು. ಪಂಚಾಯಿತಿಯ ನ್ಯಾಯವೆಂದರೆ ಊರ ಹಿರಿಯರು ಕಟ್ಟೆಯ ಮೇಲೆ ಕುಳಿತು ತಮಗೆ ತೋರಿದಂತೆ ಹೇಳಿದ್ದು ಎಂದು ಅನೇಕರು ತಿಳಿದಿದ್ದಾರೆ. ಹಾಗಿದ್ದಿದ್ದರೆ ಅದು ಬಹಳ ಕಾಲ ಬಾಳುತ್ತಿರಲಿಲ್ಲ. ಹಿರಿಯರು ಸೇರುವುದಕ್ಕೆ ಮೊದಲೇ ಅಳತೆಗೋಲು ಎರಡು ಪಕ್ಷಗಳಿಗೂ ಗೊತ್ತಿರುತ್ತಿತ್ತು; ಆ ಬಟ್ಟೆ ಎಷ್ಟು ಸಲ ಒಗೆತ ಕಂಡಿತ್ತೆಂಬ ಒಂದೇ ಸಂಗತಿ ಇತ್ಯರ್ಥಕ್ಕೆ ಉಳಿಯುತ್ತಿತ್ತು. ಲೆಕ್ಕಕ್ಕೆ ಸಿಗದ ಸರಕು ಹಾಳಾದಾಗ ದೇಶಕಾಲಗಳನ್ನೂ ಎಷ್ಟು ಬಳಸಲಾಗಿತ್ತೆಂಬುದನ್ನೂ ಅದರ ಬಲಾಬಲವನ್ನೂ ನೋಡಿ ಆ ಕಸಬಿನ ಕುಶಲರು ಹೇಳಿದಷ್ಟನ್ನು ಕೊಡಿಸಬೇಕೆಂದು ವಿಧಿಯುಂಟು. ಇಲ್ಲಿ ಮಾತು ಕುಶಲರದು, ಪಂಡಿತರದಲ್ಲ.

ಹಾಗಾದರೆ ಕೇಳುವವರು ಯಾರು? ಯಾಜ್ಞವಲ್ಕ್ಯನು ಒಂದು ಏಣಿಯನ್ನು ನಿಲ್ಲಿಸಿದ್ದಾನೆ. ಕೆಳಗಿನ ಮೆಟ್ಟಿಲು ಕುಲ, ಅದರ ಮೇಲೆ ಶ್ರೇಣಿ, ಅದರ ಮೇಲೆ ಪೂಗ, ಎಲ್ಲಕ್ಕೂ ಮೇಲೆ ಅರಸನು ನಿಯಮಿಸಿದ ಅಧಿಕಾರಿ. ಒಂದರಲ್ಲಿ ತೃಪ್ತಿಯಾಗದವನು ಮೇಲಿನದಕ್ಕೆ ಹೋಗಬಹುದು. ಮೇಲಿನಿಂದ ಕೆಳಕ್ಕೆ ಇಳಿಯುವಂತಿಲ್ಲ. ವಿಜ್ಞಾನೇಶ್ವರ ಈ ಶಬ್ದಗಳನ್ನು ಬಿಡಿಸಿ ಹೇಳಿದ್ದಾನೆ. ಕುಲವೆಂದರೆ ನೆಂಟರಿಷ್ಟರು. ಶ್ರೇಣಿಯೆಂದರೆ ಜಾತಿ ಬೇರೆಯಾದರೂ ಕಸಬು ಒಂದೇ ಆದವರ ಕೂಟ. ಕುದುರೆ ಮಾರುವವರು, ವೀಳೆಯದೆಲೆಯವರು, ನೇಕಾರರು, ಚರ್ಮದ ಕೆಲಸದವರು ಎಂದು ಉದಾಹರಣೆಗಳನ್ನೂ ಕೊಟ್ಟಿದ್ದಾನೆ. ಪೂಗವೆಂದರೆ ಜಾತಿಯೂ ಬೇರೆ, ಕಸಬೂ ಬೇರೆ, ಆದರೆ ವಾಸ ಒಂದೇ ಊರಿನಲ್ಲಿ ಇರುವವರ ಸಮೂಹ.

ಶ್ರೇಣಿಗಿಂತ ಪೂಗವನ್ನು ಮೇಲಿಟ್ಟದ್ದೇಕೆ ಎಂದು ನಾನು ಬಹಳ ಯೋಚಿಸಿದ್ದುಂಟು. ನನಗೆ ತೋರುವುದು ಹೀಗೆ. ನೇಯ್ಗೆಯ ಒಳಗುಟ್ಟು ನೇಕಾರರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ಆದುದರಿಂದ ಮೊದಲು ಅವರೇ ಕೇಳಬೇಕು. ಆದರೆ ಶ್ರೇಣಿಯಲ್ಲಿ ಕುಳಿತವರೆಲ್ಲ ಮಾರುವವರು. ಕೊಂಡವನಿಗೆ ಅಲ್ಲಿ ತನ್ನವರೆಂಬವರಿಲ್ಲ. ಪೂಗದಲ್ಲಾದರೋ ನೇಕಾರನ ಪಕ್ಕದಲ್ಲಿ ಬಟ್ಟೆ ಕೊಳ್ಳುವ ಒಕ್ಕಲಿಗನೂ ಗಾಣಿಗನೂ ಕುಳಿತಿರುತ್ತಾರೆ. ಗಿರಾಕಿಗೆ ಮೇಲ್ಮನವಿಯ ಜಾಗ ಅದು. ಸ್ಮೃತಿಕಾರನ ಮನಸ್ಸಿನಲ್ಲಿ ಇದೇ ಇತ್ತೆಂದು ಸಾಧಿಸುವ ಹಟ ನನಗಿಲ್ಲ, ವ್ಯವಸ್ಥೆಯಂತೂ ಹಾಗೆ ಬಂದು ನಿಲ್ಲುತ್ತದೆ. ಮಾರುವವರ ಒಗ್ಗಟ್ಟನ್ನು ಶಾಸ್ತ್ರ ಕಣ್ಣುಮುಚ್ಚಿ ನಂಬಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿಯೂ ಇದೆ. ವರ್ತಕರು ಒಳಸಂಚು ಮಾಡಿ ಬೆಲೆಯನ್ನು ಏರಿಳಿಸಿದರೆ ಉತ್ತಮ ಸಾಹಸ ದಂಡ, ಅಂದರೆ ಸಾವಿರದ ಎಂಬತ್ತು ಪಣ.

ಇದೆಲ್ಲ ತಾಳೆಗರಿಯ ಮಾತಾಯಿತು. ಕನ್ನಡ ನೆಲದಲ್ಲಿ ಇಂಥ ಸಂಘಗಳು ನಿಜವಾಗಿ ಇದ್ದುವೇ ಎಂದು ಕೇಳುವವರಿಗೆ ಕಲ್ಲುಗಳೇ ಉತ್ತರ ಹೇಳುತ್ತವೆ. ಎಂಟನೆಯ ಶತಮಾನದಷ್ಟು ಹಿಂದೆಯೇ ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ‘ಆಚಾರವ್ಯವಸ್ಥೆ’ಯನ್ನು ಬರೆಸಿಕೊಟ್ಟ. ಊರ ಮಹಾಜನರು, ನಗರ, ಹದಿನೆಂಟು ಪ್ರಕೃತಿಗಳು ಇವರಿಗೂ ರಾಜಪುರುಷರಿಗೂ ನಡುವಣ ಹಕ್ಕುಬಾಧ್ಯತೆಗಳು ಅದರಲ್ಲಿವೆ. ಅಲ್ಲಿ ನಗರವೆಂದರೆ ಪಟ್ಟಣವಲ್ಲ, ಪಟ್ಟಣದ ವರ್ತಕರ ಸಂಘ. ಇದೇ ಮುಂದೆ ನಕರ, ನಖರ ಎಂದೆಲ್ಲ ಆಯಿತು. ‘ನಖರ’ವನ್ನು ಉಗುರೆಂದು ಬರೆದ ಉತ್ತರಪತ್ರಿಕೆಗಳನ್ನು ನಾನು ತಿದ್ದಿದ್ದೇನೆ. ಬಂಕಾಪುರದ ನಗರೇಶ್ವರ ದೇವಾಲಯವನ್ನು ನೋಡಿದವರು ಆ ಹೆಸರಿನಲ್ಲಿ ಸೆಟ್ಟಿಗಳ ಕೂಟ ಅಡಗಿರುವುದನ್ನು ನೆನೆಯಬೇಕು. ಹುಂಚದಲ್ಲಿ ಜಿನಾಲಯ ಕಟ್ಟಿಸಿದ ನೊಕ್ಕಯ್ಯಸೆಟ್ಟಿಗೆ ‘ಪಟ್ಟಣಸ್ವಾಮಿ’ ಎಂಬ ಬಿರುದಿತ್ತು. ಪೇಟೆಗೆ ಯಜಮಾನನಾದವನ ಪದವಿ ಅದು.

ಎಲ್ಲಕ್ಕಿಂತ ದೊಡ್ಡ ಹೆಸರು ಅಯ್ಯಾವೊಳೆಯ ಐನೂರ್ವರದು. ಇಂದು ಬಾಗಲಕೋಟೆ ಜಿಲ್ಲೆಯ ಐಹೊಳೆಗೆ ಹೋಗುವವರು ದುರ್ಗದ ಗುಡಿಯನ್ನು ನೋಡಿ ಹಿಂದಿರುಗುತ್ತಾರೆ. ಆ ಊರಿನ ಹೆಸರು ಹೊತ್ತ ವರ್ತಕರ ಸಂಘ ತಮಿಳು, ತೆಲುಗು, ಮಲೆಯಾಳ ಸೀಮೆಗಳನ್ನು ದಾಟಿ ಸಿಂಹಳಕ್ಕೆ ಹೋಗಿತ್ತು, ಸಮುದ್ರದಾಚೆ ಸುಮಾತ್ರದ ಬಾರುಸ್ ಬಳಿ ೧೦೮೮ರಲ್ಲಿ ತಮಿಳಿನಲ್ಲಿ ಶಾಸನ ಬರೆಸಿತ್ತು ಎಂಬುದು ಎಷ್ಟು ಜನಕ್ಕೆ ಗೊತ್ತು? ಆನೆ ಕುದುರೆಗಳಿಂದ ಹಿಡಿದು ಕರ್ಪೂರ ಕಸ್ತೂರಿಗಳವರೆಗೆ ಅವರು ಮಾರದ ಸರಕಿಲ್ಲ. ಅವರಲ್ಲಿ ಸಗಟು ಮಾರುವವರೂ ಇದ್ದರು, ಹೆಗಲ ಮೇಲೆ ಹೊತ್ತು ತಿರುಗುವವರೂ ಇದ್ದರು. ತಮ್ಮ ಕಟ್ಟುಪಾಡನ್ನು ಅವರು ‘ವೀರಬಣಂಜುಧರ್ಮ’ ಎಂದು ಕರೆದುಕೊಂಡರು.

ಶಾಸನಗಳಲ್ಲಿ ಹೆಚ್ಚಿನವು ದಾನದವು, ತೀರ್ಪಿನವಲ್ಲ. ಒಂದು ಹೇರಿಗೆ ಇಷ್ಟು ಎಲೆ, ಒಂದು ಗಾಣಕ್ಕೆ ಇಷ್ಟು ಎಣ್ಣೆ ಎಂದು ದೇವರಿಗೆ ಬಿಟ್ಟ ವಿವರವೇ ಅವುಗಳ ತುಂಬ. ಆದರೆ ಅರಸನ ಆಳು ಬಂದು ನಿಲ್ಲದೆ ತಮ್ಮತಮ್ಮೊಳಗೆ ಹೀಗೆ ತೆರಿಗೆ ಹಾಕಿಕೊಂಡು ವಸೂಲು ಮಾಡಬಲ್ಲವರಿಗೆ, ಒಬ್ಬ ಸದಸ್ಯನ ಕಳ್ಳತೂಕವನ್ನು ವಿಚಾರಿಸುವ ಶಕ್ತಿ ಇರಲಿಲ್ಲವೆಂದರೆ ನಂಬುವುದು ಕಷ್ಟ. ಅವರ ಕೈಯಲ್ಲಿ ಸೆರೆಮನೆ ಇರಲಿಲ್ಲ, ಸಂತೆ ಇತ್ತು. ಸಂಘದ ಕಟ್ಟು ಮೀರಿದವನನ್ನು ಸರ್ವಸ್ವವನ್ನೂ ಕಿತ್ತುಕೊಂಡು ನಾಡಿನಿಂದ ಅಟ್ಟಬಹುದೆಂದು ಸ್ಮೃತಿಯೇ ಹೇಳುತ್ತದೆ. ಸಾಲದ ಮೇಲೆ ಸರಕು ತರುವ ಸಣ್ಣ ಸೆಟ್ಟಿಗೆ ಅದರ ಅರ್ಧದಷ್ಟು ಭಯವೇ ಸಾಕು. ಇದು ಕ್ರೂರವೂ ಆಗಬಲ್ಲುದು: ಪೇಟೆಯೆಲ್ಲ ಒಂದಾಗಿ ಒಬ್ಬನನ್ನು ಹೊರಗಿಟ್ಟರೆ ಅವನ ಅಳಲನ್ನು ಕೇಳುವವರು ಯಾರು? ಏಣಿಯ ತುದಿಯಲ್ಲಿ ಅರಸನ ಅಧಿಕಾರಿ ಇದ್ದದ್ದು ಅದಕ್ಕಾಗಿಯೇ ಇರಬೇಕು.

ನಡುವಣ ಶತಮಾನಗಳನ್ನು ದಾಟಿ ಪೇಶವೆಗಳ ಕಾಲಕ್ಕೆ ಬರೋಣ. ಧಾರವಾಡದ ಸೀಮೆ ಆಗ ಅವರ ಆಳ್ವಿಕೆಗೆ ಒಳಪಟ್ಟಿತ್ತು. ಅಲ್ಲಿ ಪಂಚಾಯಿತಿ ಸೇರುವುದಕ್ಕೆ ಮೊದಲು ಎರಡು ಪಕ್ಷದವರೂ ‘ಇವರು ಹೇಳಿದ್ದಕ್ಕೆ ನಾವು ಒಪ್ಪುತ್ತೇವೆ’ ಎಂದು ಬರೆದುಕೊಡಬೇಕಾಗಿತ್ತು. ಆ ಪತ್ರದ ಹೆಸರು ರಾಜೀನಾಮೆ! ರಾಜಿಯೆಂದರೆ ಒಪ್ಪಿಗೆ, ನಾಮೆಯೆಂದರೆ ಪತ್ರ. ತೀರ್ಪಾದ ಮೇಲೆ ಸೋತವನು ಸೋಲನ್ನು ಒಪ್ಪಿ ಬರೆದುಕೊಡುವುದು ‘ಯೇಜಿತಖತ’. ಗೆದ್ದವನ ಹರ್ಷಕ್ಕಿಂತ ಸೋತವನ ಒಪ್ಪಿಗೆಯನ್ನು ಕಾಗದದ ಮೇಲೆ ಪಡೆಯುವುದು ಮುಖ್ಯವೆಂದು ತಿಳಿದಿದ್ದ ಆ ಜನ ನಾಳೆಯ ಸಂತೆಯನ್ನು ಮರೆತಿರಲಿಲ್ಲ.

೧೮೧೮ರಲ್ಲಿ ಪೇಶವೆಯ ರಾಜ್ಯ ಮುಗಿಯಿತು. ಮರುವರ್ಷ ಎಲ್ಫಿನ್‌ಸ್ಟನ್ ತನ್ನ ವರದಿಯಲ್ಲಿ ಪಂಚಾಯಿತಿಯೇ ಈ ನಾಡಿನ ನ್ಯಾಯದ ಮುಖ್ಯ ಸಾಧನವೆಂದು ಹೇಳಿದ, ಅದರ ಕುಂದುಗಳನ್ನೂ ಮುಚ್ಚಿಡಲಿಲ್ಲ. ಪಂಚರನ್ನು ಒಟ್ಟುಗೂಡಿಸುವುದೇ ಕಷ್ಟ; ತೀರ್ಪನ್ನು ಜಾರಿಮಾಡಲು ಅವರಿಗೆ ಬಲವಿಲ್ಲ. ಬಳ್ಳಾರಿಯ ಸೀಮೆಯಲ್ಲಿ ೧೮೦೦ರಿಂದ ೧೮೦೭ರವರೆಗೆ ಕಲೆಕ್ಟರನಾಗಿದ್ದ ಮನ್ರೋ ಪಂಚಾಯಿತಿಯ ಪಕ್ಷಪಾತಿ. ಅವನ ಒತ್ತಾಯದಿಂದ ಮದರಾಸು ಸರ್ಕಾರ ೧೮೧೬ರಲ್ಲಿ ಪಂಚಾಯಿತಿಗಳಿಗೆ ಕಟ್ಟಳೆ ಮಾಡಿತು, ಮುಂಬಯಿಯಲ್ಲಿ ೧೮೨೭ರಲ್ಲಿ ಪಂಚಫೈಸಲಿಗೆ ಕಾಯಿದೆಯಾಯಿತು. ಆದರೆ ಸ್ಟಾಂಪು ಕಾಗದ, ಅಮೀನ, ಜಪ್ತಿಗಳ ಬಲ ಕಣ್ಣೆದುರಿಗೆ ಇರುವಾಗ ಬಲವಿಲ್ಲದ ಪಂಚರನ್ನು ಕೇಳುವವರು ಕಡಮೆಯಾದರು. ಶ್ರೇಣಿ ಪೂಗಗಳ ಮೆಟ್ಟಿಲುಗಳು ಸವೆದುಹೋಗಿ ಮೇಲಿನದೊಂದೇ ಉಳಿಯಿತು.

ಇದರೊಡನೆ ಅಂಕಿಗಳೂ ಹೋದುವು. ೧೮೭೨ರ ಕರಾರು ಕಾಯಿದೆಯಲ್ಲಿದ್ದ ಮಾರಾಟದ ಭಾಗವನ್ನು ಬೇರ್ಪಡಿಸಿ ೧೯೩೦ರಲ್ಲಿ ಸರಕು ಮಾರಾಟ ಕಾಯಿದೆ ಮಾಡಿದರು. ಅದು ಇಂದಿಗೂ ನಡೆಯುತ್ತಿದೆ. ಕೊಂಡವನಿಗೆ ಸರಕನ್ನು ಪರೀಕ್ಷಿಸುವ ಹಕ್ಕು ಅದರಲ್ಲೂ ಉಂಟು. ಆದರೆ ಎಷ್ಟು ದಿನ? ‘ಯುಕ್ತವಾದ ಕಾಲ’ ಎನ್ನುತ್ತದೆ ಕಾಯಿದೆ. ಯಾವುದು ಯುಕ್ತವೆಂದು ಹೇಳಲು ಮತ್ತೆ ನ್ಯಾಯಾಧೀಶರೇ ಬೇಕು. ವಿದ್ವತ್ತಿನ ದೃಷ್ಟಿಯಿಂದ ಇದು ಯಾಜ್ಞವಲ್ಕ್ಯನ ಪಟ್ಟಿಗಿಂತ ಸೂಕ್ಷ್ಮವಾದ ಮಾತಿರಬಹುದು. ಹಸುವಿನ ಹಗ್ಗ ಹಿಡಿದುಕೊಂಡು ಸಂತೆಯಲ್ಲಿ ನಿಂತ ಇಬ್ಬರಿಗೆ ಅದರಿಂದ ಏನೂ ಹೊಳೆಯುವುದಿಲ್ಲ. ಆ ತೆರಪಿನಲ್ಲಿ ಅಂಗಡಿಯವರು ತಮ್ಮದೇ ಕಾಯಿದೆ ಬರೆದುಕೊಂಡರು: ‘ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.’ ಈ ಒಕ್ಕಣೆಯಿಲ್ಲದ ರಸೀದಿಯನ್ನು ನಾನು ನೋಡಿರುವುದು ಅಪರೂಪ.

ಅಂಕಿ ಮತ್ತೆ ಬಂದದ್ದು ೨೦೧೯ರ ಗ್ರಾಹಕ ಸಂ‌ರಕ್ಷಣಾ ಕಾಯಿದೆಯಲ್ಲಿ. ದೋಷವುಳ್ಳ ಸರಕನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನೇ ಹೇಳಿಲ್ಲದಿದ್ದರೆ ೩೦ ದಿನಗಳೊಳಗೆ, ಹಿಂದಕ್ಕೆ ಪಡೆಯಲು ಒಪ್ಪದಿರುವುದು ಅನುಚಿತ ವ್ಯಾಪಾರವೆಂದು ಅದು ಸಾರಿತು. ಬೀಜಕ್ಕೂ ರತ್ನಕ್ಕೂ ಒಂದೇ ಮೂವತ್ತು! ಆದರೂ ಏನೂ ಇಲ್ಲದುದಕ್ಕಿಂತ ಮೇಲು. ಅವಧಿಯನ್ನು ರಸೀದಿಯಲ್ಲಿ ಬರೆಯುವ ಅವಕಾಶ ಅಂಗಡಿಯವನಿಗೇ ಇರುವುದರಿಂದ, ಬುದ್ಧಿವಂತನಾದ ಸಣ್ಣ ವ್ಯಾಪಾರಿ ಸರಕಿಗೊಂದು ಗಡುವನ್ನೂ, ಸವಕಳಿಗೊಂದು ಲೆಕ್ಕವನ್ನೂ ತಾನೇ ಮೊದಲು ಅಚ್ಚುಹಾಕಿಸಿ ಗೋಡೆಗೆ ತೂಗುಹಾಕಬಹುದು. ಅದನ್ನು ಓದಿದ ಗಿರಾಕಿ ಜಗಳಕ್ಕೆ ನಿಲ್ಲುವುದಕ್ಕಿಂತ ಲೆಕ್ಕಕ್ಕೆ ನಿಲ್ಲುವ ಸಂಭವವೇ ಹೆಚ್ಚು.

ಇದೇ ಕಾಯಿದೆಯಲ್ಲಿ ಮಧ್ಯಸ್ಥಿಕೆಗೂ ಒಂದು ಅಧ್ಯಾಯವಿದೆ. ದೂರು ಅಂಗೀಕಾರವಾದ ಮೇಲೆ ಮೊದಲ ವಿಚಾರಣೆಯಲ್ಲೇ, ರಾಜಿಯಾಗುವ ಲಕ್ಷಣ ಕಂಡರೆ, ಮಧ್ಯಸ್ಥರ ಬಳಿಗೆ ಹೋಗಲು ಒಪ್ಪಿಗೆಯನ್ನು ಐದು ದಿನಗಳೊಳಗೆ ಬರೆದುಕೊಡಿರೆಂದು ಆಯೋಗ ಉಭಯ ಪಕ್ಷಗಳಿಗೂ ಹೇಳಬಹುದು. ಧಾರವಾಡದ ಸೀಮೆಯ ಪಂಚರು ಮೊದಲು ಕೇಳುತ್ತಿದ್ದುದೂ ಅದೇ ಕಾಗದವನ್ನು. ಅದನ್ನು ಹಳೆಯ ಹೆಸರಿನಿಂದ ಕರೆಯುವಂತಿಲ್ಲ, ಅಷ್ಟೆ. ರಾಜೀನಾಮೆ ಎಂದೊಡನೆ ಈಗಿನವರು ಯಾರು ಕೆಲಸ ಬಿಟ್ಟರೆಂದು ಕೇಳುತ್ತಾರೆ.